ಕೊಕ್ಕೆ ಬೆಸೆದವನ ಪಾಲು

ಬಂದೂಕು ಇಡಲು ಎರಡು ಕಬ್ಬಿಣದ ಕೊಕ್ಕೆ. ಗೇಣುದ್ದದ ರಾಡು ಬಾಗಿಸಿ, ತುದಿಗೆ ರಬ್ಬರ್ ಪೈಪು ತೊಡಿಸಿ, ಗಾಡಿಯ ಮುಂಗಂಬಕ್ಕೆ ಬೆಸೆದರೆ ಮುಗಿಯಿತು. ನನ್ನ ಶೆಡ್ಡಿನಲ್ಲಿ ಅದು ಚಹಾ ಆರುವಷ್ಟರಲ್ಲಿ ಆಗುವ ಕೆಲಸ. ಆ ಕೊಕ್ಕೆಯಲ್ಲಿದ್ದ ಬಂದೂಕಿನಿಂದ ಒಂದು ರಾತ್ರಿ ಕಾಡುಹಂದಿ ಸತ್ತರೆ, ಆ ಸಾವಿನಲ್ಲಿ ಬೆಸೆದವನಿಗೆ ಪಾಲಿದೆಯೆ? ಇದ್ದರೆ ಎಷ್ಟು? ಇದನ್ನು ನಾನು ಕೇಳಿದವರೆಲ್ಲ ಕಬ್ಬಿಣಕ್ಕೆ ಪಾಪವಿಲ್ಲ ಅಂದರು. ಅದು ನನಗೂ ಗೊತ್ತು. ನಾನು ಕೇಳಿದ್ದು ಕಬ್ಬಿಣದ ವಿಷಯವಾಗಿ ಅಲ್ಲ.

ಹಿರೇಹಡಗಲಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು ನಾನು. ಅಪ್ಪನಿಗೆ ಕುಲುಮೆಯಿತ್ತು. ರಂಟೆಯ ಕುಳ ಹಣಿಯುವುದು, ಬಂಡಿಗಾಲಿಗೆ ಹಳಿ ಹಾಕುವುದು, ಕುಡುಗೋಲಿಗೆ ಕಕ್ಕು ಹಾಕುವುದು ಅವನ ಕೆಲಸ. ತಿದಿ ಹೋಗಿ ಬ್ಲೋವರ್ ಬಂತು, ಬ್ಲೋವರ್ ಹೋಗಿ ಕರೆಂಟಿನ ವೆಲ್ಡಿಂಗ್ ಬಂತು. ಈಗ ಟ್ರ್ಯಾಕ್ಟರಿನ ಕೂರಿಗೆ, ಕುಂಟೆ, ಟ್ರೈಲರಿನ ಬಾಗಿಲು, ಮನೆಯ ಗ್ರಿಲ್ಲು, ಗೇಟು ನನ್ನ ಪಾಲಿಗೆ ಬರುತ್ತವೆ. ಬೆಂಕಿಯ ಮುಂದೆ ಕೂತೇ ಅನ್ನ ಉಂಡ ಮನೆ ನಮ್ಮದು. ಹಾಗಾಗಿ ಈ ಪ್ರಶ್ನೆಯನ್ನು ಯಾವ ಶಾಸ್ತ್ರಿಗಳೂ ನನ್ನ ಬದಲಿಗೆ ಉತ್ತರಿಸಲಾರರು.

ಗಾಡಿ ಬಂದದ್ದು ಟ್ರೈಲರಿನಲ್ಲಿ ಹೇರಿಕೊಂಡು. ಯಾವುದೋ ರೆಸಾರ್ಟಿನವರು ಹಳೆಯದೆಂದು ಮಾರಿದ್ದ ಗಾಲ್ಫ್ ಗಾಡಿ. ಗಾಲ್ಫ್ ಆಟವನ್ನು ನಾನು ಟಿವಿಯಲ್ಲಿ ಬಿಟ್ಟು ಕಂಡಿಲ್ಲ, ಆದರೆ ಇಂಥ ಬ್ಯಾಟರಿ ಗಾಡಿ ನಮ್ಮ ವಿಜಯನಗರ ಜಿಲ್ಲೆಯವರಿಗೆ ಹೊಸದಲ್ಲ. ಹಂಪಿಯಲ್ಲಿ ಗೆಜ್ಜಲ ಮಂಟಪದ ಕಡೆಯಿಂದ ವಿಜಯವಿಠ್ಠಲನ ಗುಡಿಯವರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಗಾಡಿಗಳು ಇದೇ ಜಾತಿಯವು. ಸುತ್ತಲ ಊರಿನ ಹೆಣ್ಣುಮಕ್ಕಳು ಅವನ್ನು ಓಡಿಸುತ್ತಾರೆ. ಸದ್ದಿಲ್ಲದ ಆ ಗಾಡಿ ಜನರನ್ನು ಇಳಿಸುವುದು ಕಲ್ಲಿನ ತೇರಿನ ಮುಂದೆ. 50 ರೂಪಾಯಿ ನೋಟಿನ ಮೇಲಿರುವ ಆ ತೇರು ನಿಜದಲ್ಲಿ ಗರುಡನ ಗುಡಿ. ಗಾಲಿ, ಅಚ್ಚು ಎಲ್ಲ ಇದ್ದೂ ಅದು ಎಲ್ಲಿಗೂ ಹೋಗುವುದಲ್ಲ. ನಮ್ಮ ಶಿಲ್ಪಿಗಳಿಗೆ ದೇವರನ್ನು ಕೂರಿಸಲು ಗಾಡಿಯ ಆಕಾರವೇ ಬೇಕೆನಿಸಿತ್ತು ಎಂಬುದನ್ನು ನೋಡಿದಾಗೆಲ್ಲ ನನ್ನ ಕಸುಬಿನ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಗಾಡಿಯ ಒಡೆಯರು ಪಕ್ಕದ ಊರಿನ ಗೌಡರು, ರೈತರು, ವಯಸ್ಸಿನಲ್ಲಿ ನನಗಿಂತ ಹಿರಿಯರು. "ಮೇಸ್ತ್ರಿ, ಇದನ್ನ ಹೊಲಕ್ಕ ಹೋಗೋ ಬಂಡಿ ಮಾಡಿಕೊಡಪಾ. ಗೊಬ್ಬರ, ಬೀಜ, ಔಷಧದ ಕ್ಯಾನು, ಎಲ್ಲಾ ಹೇರಂಗಿರಬೇಕು" ಅಂದರು. ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಆ ಮಳೆಗಾಲದಲ್ಲಿ ಬಂದಿರಲಿಲ್ಲ.

ಗಾಲ್ಫ್ ಗಾಡಿಯ ಟೈರು ಅಗಲ, ಮೈ ನುಣುಪು. ಹುಲ್ಲುಹಾಸಿಗೆ ಗಾಯವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಹುಲ್ಲಿನ ಮೇಲೆ ಇಷ್ಟು ಮರುಕದಿಂದ ಕಟ್ಟಿದ ಗಾಡಿ ನಮ್ಮ ಎರೆಹೊಲಕ್ಕೆ ಇಳಿದರೆ ಒಂದು ಮಳೆಗೇ ಹೂತು ನಿಲ್ಲುತ್ತದೆ. ಮಸಾರಿ ನೆಲದಲ್ಲಾದರೆ ಹೇಗೋ ನಡೆದೀತು. ಹಾಗಾಗಿ ದಪ್ಪ ಹಲ್ಲಿನ ಟೈರು ಹಾಕಿದೆ. ಟೈರು ದೊಡ್ಡದಾದ ಮೇಲೆ ಗಾಡಿಯ ಮೈ ಎತ್ತಲೇಬೇಕು. ಹಿಂದಿನ ಆಕ್ಸಲ್ಲಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಕೊಟ್ಟು ಉದ್ದನೆಯ ಯು-ಬೋಲ್ಟ್ ಬಿಗಿದೆ. ಬದುವಿನ ಕಲ್ಲು ಈಗ ತಳಕ್ಕೆ ತಾಗುವುದಿಲ್ಲ. ಬ್ಯಾಟರಿ ಕೂರುವ ತಟ್ಟೆ ಆಸಿಡ್ಡಿಗೆ ತಿಂದುಹೋಗಿತ್ತು. ಇಂಥ ಗಾಡಿಗಳು ಮೊದಲು ಸಾಯುವುದೇ ಅಲ್ಲಿಂದ. ಅದನ್ನು ಪೂರ್ತಿ ಕತ್ತರಿಸಿ ತೆಗೆದು ಆಂಗಲ್ಲಿನಲ್ಲಿ ಹೊಸ ಚೌಕಟ್ಟು ಕಟ್ಟಿದೆ. ಮೊದಲು 8 ವೋಲ್ಟಿನ ಆರು ಬ್ಯಾಟರಿ ಸೇರಿ 48 ವೋಲ್ಟ್ ಆಗುತ್ತಿತ್ತು. ನಮ್ಮಲ್ಲಿ ಅವು ಸುಲಭಕ್ಕೆ ಸಿಗುವುದಿಲ್ಲ. ಇ-ರಿಕ್ಷಾದ 12 ವೋಲ್ಟಿನ ನಾಲ್ಕು ಹಾಕಿದರೆ ಲೆಕ್ಕ ಅಷ್ಟೇ ಬರುತ್ತದೆ, ಬೇಕೆಂದಾಗ ಹೊಸಪೇಟೆಯಿಂದ ತರಿಸಬಹುದು. ಹಿಂದಿನ ಸೀಟು ತೆಗೆದು ಚೆಕರ್ ಶೀಟಿನ ತಟ್ಟೆ ಕೂರಿಸಿದೆ. ಗಾಲ್ಫ್ ಕೋಲಿನ ಚೀಲ ಕಟ್ಟುತ್ತಿದ್ದ ಜಾಗದಲ್ಲಿ ಸಲಿಕೆ, ಗುದ್ದಲಿ, ಕುಡುಗೋಲು ನಿಲ್ಲುವಂತೆ ಪೈಪಿನ ಗೂಡು ಮಾಡಿದೆ.

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಎಂಬವರು ಬರಗಾಲದಲ್ಲಿ ಎತ್ತು ಸಾಕಲಾರದ ರೈತರಿಗಾಗಿ ಬುಲೆಟ್ ಬೈಕಿನ ಹಿಂದಿನ ಗಾಲಿ ಕಳಚಿ, ಅಲ್ಲಿ ಕುಂಟೆ ಕೂರಿಸಿ 'ಬುಲೆಟ್ ಸಂತಿ' ಮಾಡಿದರು. ಅದರ ಚಿತ್ರ ನನ್ನ ಶೆಡ್ಡಿನ ಗೋಡೆಯ ಮೇಲಿದೆ. ಶೋಕಿಗೆ ಮಾಡಿದ ಯಂತ್ರ ಹೊಲಕ್ಕಿಳಿದಾಗ ಅದಕ್ಕೆ ಎರಡನೆಯ ಹುಟ್ಟು ಸಿಗುತ್ತದೆ. ಕಾಯಕವೆಂದು ಶರಣರು ಕರೆದದ್ದು ಮನುಷ್ಯರ ದುಡಿಮೆಯನ್ನು. ಯಂತ್ರವೂ ಆ ಸಾಲಿನಲ್ಲಿ ನಿಲ್ಲಬಹುದೆಂದು ನನಗೆ ಅನಿಸಿದ್ದು ಇಂಥ ಕೆಲಸ ಮಾಡುವಾಗಲೇ.

ಗಾಡಿಯ ಕೆಲಸ ಮುಗಿಯುವ ಹೊತ್ತಿಗೆ ಗೌಡರ ತಂಗಿಯ ಮಗ ಬೆಂಗಳೂರಿನಿಂದ ಬಂದ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಹಳೆಯ ಗಾಲ್ಫ್ ಗಾಡಿಗಳನ್ನೇ ಬೇಟೆಯ ಗಾಡಿ ಮಾಡಿಕೊಳ್ಳುತ್ತಾರೆ. ಎಲೆ-ತೊಗಟೆ ಬಣ್ಣ ಬಳಿದು, ಚಾವಣಿಯ ಮೇಲೆ ಲೈಟು ಸಾಲಾಗಿ ಕಟ್ಟಿ, ಹಿಂದೆ ನಿಂತು ಗುಂಡು ಹೊಡೆಯಲು ಕಟಕಟೆ, ಮುಂದೆ ಬಂದೂಕಿಗೆ ಕೊಕ್ಕೆ. "ಕಾಕಾ, ಹಿಂಗ ಮಾಡಿಕೊಡ್ರಿ. ಹಗಲು ಹೊಲ, ರಾತ್ರಿ ಹಂದಿ" ಅಂದ. ಮಾವನೂ ಬೇಡವೆನ್ನಲಿಲ್ಲ.

ಅವರ ಕಷ್ಟ ಸುಳ್ಳಲ್ಲ. ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ ಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ತಿನ್ನುವುದು ಸ್ವಲ್ಪ, ಮುರಿದು ಮಲಗಿಸುವುದು ಬಹಳ. ಶೇಂಗಾ ಹೊಲವನ್ನು ಮೂತಿಯಿಂದ ಉತ್ತು ಹಾಕುತ್ತವೆ. ಬೆಳಿಗ್ಗೆ ಬದುವಿನ ಮೇಲೆ ನಿಂತು ಅದನ್ನು ನೋಡಿದ ಮನುಷ್ಯನ ಮುಖ ನಾನು ನೋಡಿದ್ದೇನೆ. ಸಾಲ ತಂದು ಬೀಜ ಹಾಕಿದವನಿಗೆ ಎಲ್ಲ ಜೀವಿಗಳೂ ಒಂದೇ ಎಂದು ಹೇಳುವ ಯೋಗ್ಯತೆ ಹೊಲವಿಲ್ಲದ ನನಗೆ ಇಲ್ಲ. ಬೇಲಿಗೆ ಕರೆಂಟು ಹಾಯಿಸುವವರು, ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುವವರು ಇದ್ದಾರೆ. ಹಾಗೆ ಇಟ್ಟದ್ದಕ್ಕೆ ದನ ಬಾಯಿ ಹಾಕುತ್ತದೆ, ಕರೆಂಟಿನ ತಂತಿಗೆ ಕತ್ತಲಲ್ಲಿ ನೀರು ಕಟ್ಟಲು ಹೋದ ಮನುಷ್ಯನೇ ಬೀಳುತ್ತಾನೆ. ಅದಕ್ಕೆ ಹೋಲಿಸಿದರೆ ಕಣ್ಣಿಗೆ ಕಂಡ ಹಂದಿಗೆ ಗುರಿಯಿಟ್ಟು ಹೊಡೆಯುವುದು ಎಷ್ಟೋ ಪ್ರಾಮಾಣಿಕ ಎಂದು ಅವರು ವಾದಿಸಿದರು. ಆ ಮಾತಿಗೆ ತೂಕವಿದೆ.

ಕಾನೂನು ತನ್ನ ಮಾತು ಹೇಳಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಗೆ ನಿಷೇಧವಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ 11ನೇ ಕಲಮಿನಡಿ ಅಧಿಕಾರಿಯ ಬರಹದ ಅಪ್ಪಣೆ ಪಡೆದು ಕೊಲ್ಲಲು ದಾರಿಯೂ ಇದೆ. ಕೇರಳದಲ್ಲಿ 2022ರಿಂದ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೂ ಇಳಿಸಿದ್ದಾರೆ. ಅಪ್ಪಣೆಯಿಲ್ಲದ ಬೇಟೆಗೆ ಕೊಕ್ಕೆ ಮಾಡಿಕೊಡಲಾರೆ ಎಂದು ಹೇಳಿ ನಾನು ಸುಮ್ಮನಾಗಬಹುದಿತ್ತು. ಆದರೆ ಅವರು ಕೂಡಲೇ ಕೇಳಿದ್ದು, "ಅಪ್ಪಣಿ ತಂದ್ರ ಮಾಡ್ತಿಯೇನು?" ಎಂದು. ಅಲ್ಲಿಗೆ ಪ್ರಶ್ನೆ ಕಚೇರಿಯಿಂದ ಹೊರಟು ನನ್ನ ಕಡೆಗೇ ಬಂತು.

ಬೇಟೆ ಹೊರಗಿನಿಂದ ಬಂದ ಕೆಟ್ಟ ಚಟವೆಂದು ನಾನು ಹೇಳಲಾರೆ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರಲಿಂಗನೇ ಕುದುರೆಯೇರಿದ ದೇವರು, ಅವನ ಜತೆ ನಾಯಿಯಿದೆ. ಜಾತ್ರೆಯ ದೋಣಿ ಸೇವೆಯಲ್ಲಿ ಗೊರವರು ಆ ದೇವರ ನಾಯಿಗಳಾಗಿ ಬೊಗಳುತ್ತ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಬೇಡರ ಕಣ್ಣಪ್ಪ ತಾನು ಬೇಟೆಯಾಡಿದ ಮಾಂಸವನ್ನೇ ಶಿವನಿಗೆ ಕೊಟ್ಟ. ಹರಿಹರ ಅವನ ಮೇಲೆ ರಗಳೆ ಬರೆದ, ರಾಜಕುಮಾರ್ 1954ರಲ್ಲಿ ಆ ಕಣ್ಣಪ್ಪನಾಗಿಯೇ ನಾಯಕರಾಗಿ ತೆರೆಗೆ ಬಂದರು. ಗುಡೇಕೋಟೆ, ಹರಪನಹಳ್ಳಿಯ ಪಾಳೆಯಗಾರರ ಸೀಮೆಯಲ್ಲಿ ಹುಟ್ಟಿ ಬೇಟೆಗೆ ಮೂಗು ಮುರಿಯುವುದೆಂದರೆ ಅಜ್ಜಂದಿರಿಗೆ ಮೂಗು ಮುರಿದಂತೆ. ನಮ್ಮೂರ ಹೆಸರಿನಲ್ಲೇ ಪ್ರಸಿದ್ಧವಾದ ತಾಮ್ರಪಟವಿದೆ. ಪಲ್ಲವ ಶಿವಸ್ಕಂದವರ್ಮನದು, ಪ್ರಾಕೃತ ಭಾಷೆಯದು, ನಾಲ್ಕನೆಯ ಶತಮಾನದ ಆಸುಪಾಸಿನದು. ಅದರಲ್ಲಿ ದೊರೆ ಅಶ್ವಮೇಧ ಮಾಡಿದವನೆಂಬ ಹೆಮ್ಮೆಯಿದೆ, ಅವನ ಹಿರಿಯ ಒಂದು ಲಕ್ಷ ನೇಗಿಲು ದಾನ ಕೊಟ್ಟವನೆಂಬ ಹೆಮ್ಮೆಯೂ ಇದೆ. ಕುದುರೆಯನ್ನು ಕೊಂದ ಪುಣ್ಯ, ನೇಗಿಲು ಕೊಟ್ಟ ಪುಣ್ಯ, ಎರಡೂ ಒಂದೇ ಶಾಸನದಲ್ಲಿ. ಆ ಲಕ್ಷ ಕುಳಗಳನ್ನು ಹಣಿದ ಕಮ್ಮಾರರು ಯಾರೋ, ಅವರ ಹೆಸರು ಅಲ್ಲಿಲ್ಲ.

ಹಂದಿಬೇಟೆಯ ಅತಿ ದೊಡ್ಡ ಕಥೆ ಇಂದ್ರಕೀಲದಲ್ಲಿ ನಡೆದದ್ದು. ಮೂಕನೆಂಬ ರಕ್ಕಸ ಹಂದಿಯಾಗಿ ಬಂದ. ಅರ್ಜುನನ ಬಾಣವೂ ಕಿರಾತನಾಗಿ ಬಂದ ಶಿವನ ಬಾಣವೂ ಒಟ್ಟಿಗೆ ನಾಟಿದವು. ಆಮೇಲಿನ ಜಗಳವೆಲ್ಲ ಹಂದಿ ನನ್ನದೆಂದು. ಇಬ್ಬರೂ ತಾವೇ ಕೊಂದವರೆಂದು ಹಟ ಹಿಡಿದರು. ಚಿಕ್ಕಂದಿನಲ್ಲಿ ಕಲ್ಲೇಶ್ವರನ ಗುಡಿಯ ಕಟ್ಟೆಯಲ್ಲಿ ಆ ಪ್ರಸಂಗ ಕೇಳಿದಾಗ ಯುದ್ಧವಷ್ಟೇ ಕಿವಿಗೆ ಬಿದ್ದಿತ್ತು. ಈಗ ಹೊಳೆಯುವುದು ಇನ್ನೊಂದು. ಅವರು ಕೊಂದದ್ದನ್ನು ಒಪ್ಪಿಕೊಂಡವರು. ಇಂದಿನ ಹೊಲದಲ್ಲಿ ಹಂದಿ ಬಿದ್ದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಹೊಡೆದವನು ಬೆಳೆ ಹಾಳಾಗಿತ್ತು ಅನ್ನುತ್ತಾನೆ, ಗಾಡಿ ಓಡಿಸಿದವನು ನಾನು ಓಡಿಸಿದ್ದಷ್ಟೇ ಅನ್ನುತ್ತಾನೆ. ನನಗೂ ಒಂದು ಮಾತು ಸಿದ್ಧವಾಗಿತ್ತು. ಅದನ್ನು ಗೌಡರೇ ಕೊಟ್ಟಿದ್ದರು: "ನೀ ಬರೀ ಬೆಸದು ಕೊಡಾಂವ. ಹೊಡಿಯಾಂವ ನಾನು."

ಈ ಮಾತಿಗೆ ಮಹಾಭಾರತದ ಅರಣ್ಯಪರ್ವದಲ್ಲೇ ಆಧಾರ ಸಿಗುತ್ತದೆ, ಅದೂ ಧರ್ಮವ್ಯಾಧನ ಬಾಯಲ್ಲಿ. ಕೊಕ್ಕರೆಯನ್ನು ದಿಟ್ಟಿಸಿ ಸುಟ್ಟ ಕೌಶಿಕನೆಂಬ ಬ್ರಾಹ್ಮಣ ಒಬ್ಬ ಗೃಹಿಣಿಯಿಂದ ಬುದ್ಧಿ ಕೇಳಿ ಮಿಥಿಲೆಗೆ ಹೋಗುತ್ತಾನೆ. ಅಲ್ಲಿ ಧರ್ಮ ಹೇಳುವವನು ಮಾಂಸದಂಗಡಿಯವನು. ಬೇರೆಯವರು ಕೊಂದ ಹಂದಿಯ, ಎಮ್ಮೆಯ ಮಾಂಸ ಮಾರುತ್ತೇನೆ, ನಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ ಎನ್ನುತ್ತಾನೆ ಅವನು. ಇಷ್ಟಕ್ಕೇ ನಿಂತಿದ್ದರೆ ನನ್ನ ಕೊಕ್ಕೆಗೂ ಬಿಡುಗಡೆ ಸಿಗುತ್ತಿತ್ತು. ಆದರೆ ಧರ್ಮವ್ಯಾಧ ತನ್ನ ಕೈ ಶುದ್ಧವೆಂದು ಅಲ್ಲಿಗೇ ಮುಗಿಸುವುದಿಲ್ಲ. ತನ್ನ ಕೆಲಸ ಘೋರವೆಂದೇ ಒಪ್ಪುತ್ತಾನೆ. ಒಕ್ಕಲುತನವನ್ನು ಎಲ್ಲರೂ ಒಳ್ಳೆಯದೆನ್ನುತ್ತಾರೆ, ನೇಗಿಲ ಕೆಳಗೆ ಸಾಯುವ ನೆಲದ ಜೀವಿಗಳನ್ನು ಯಾರು ಎಣಿಸಿದ್ದಾರೆ ಎಂದು ಕೇಳುತ್ತಾನೆ. ಬಿತ್ತುವ ಕಾಳಿನಲ್ಲೂ ಜೀವವಿದೆ, ನಡೆಯುವವನ ಕಾಲಡಿಯಲ್ಲೂ ಜೀವವಿದೆ ಎನ್ನುತ್ತಾನೆ. ನನ್ನಪ್ಪ ಹಣಿದ ಕುಳಗಳು, ನಾನು ಬೆಸೆದ ಕೂರಿಗೆಯ ತಾಳುಗಳು ಈ ಲೆಕ್ಕದಲ್ಲಿ ಬಂದೂಕಿಗಿಂತ ಹೆಚ್ಚು ಕೊಂದಿವೆ. ಇದನ್ನು ಕೇಳಿ ಕೆಲವರು, ಹಾಗಾದರೆ ಎಲ್ಲ ಕೊಲೆಯೂ ಒಂದೇ, ಕೊಕ್ಕೆಯನ್ನೂ ಬೆಸೆದುಬಿಡು ಎಂಬ ತೀರ್ಮಾನಕ್ಕೆ ಬರುತ್ತಾರೆ. ನನಗೆ ಅದು ಧರ್ಮವ್ಯಾಧನಿಗೆ ಮಾಡುವ ದ್ರೋಹವಾಗಿ ಕಾಣುತ್ತದೆ. ಶುದ್ಧವಾದ ಕೈ ಯಾರದ್ದೂ ಇಲ್ಲವೆಂದು ಅವನು ಹೇಳಿದ್ದು ನಾವು ತಗ್ಗಿ ನಡೆಯಲೆಂದು, ನಿರ್ಭಯವಾಗಿ ಕೊಲ್ಲಲೆಂದಲ್ಲ.

ಎಲ್ಲ ಕೊಲೆಯೂ ಒಂದೇ ಅಲ್ಲವೆಂಬುದನ್ನು ಬಹಳ ಬಿಡಿಸಿ ನೋಡಿದವರು ಜೈನರು. ನಮ್ಮ ಪಕ್ಕದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಹಳೆಯ ಬಸದಿಯಿದೆ, ಅದು ಒಂದು ಕಾಲದಲ್ಲಿ ಅವರ ದೊಡ್ಡ ನೆಲೆ. ಸಂಸಾರಸ್ಥನ ಹಿಂಸೆಯನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ. ಅಡುಗೆ, ಕಸ, ನೀರಿನಂಥ ಮನೆಗೆಲಸದಲ್ಲಿ ಆಗುವುದು ಆರಂಭಿ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ. ಮೊದಲ ಮೂರನ್ನು ಸಂಸಾರಸ್ಥ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು, ನಾಲ್ಕನೆಯದನ್ನು ಪೂರ್ತಿ ಬಿಡಬೇಕು. ಇದನ್ನು ಓದಿದಾಗ ನನಗೆ ಶೆಡ್ಡಿನ ದೀಪ ಹಾಕಿದಂತಾಯಿತು. ಹೊಲ ಉಳುವುದು ಉದ್ಯೋಗಿ. ನುಗ್ಗಿದ ಹಂದಿಯನ್ನು ಬಡಿದಟ್ಟುವುದು ವಿರೋಧಿ. ಆ ಬಡಿತದಲ್ಲಿ ಹಂದಿ ಸತ್ತರೂ ಅದು ವಿರೋಧಿಯೇ. ಹಾಗಾದರೆ ಸೀಟು, ಕಟಕಟೆ, ಲೈಟು, ಕೊಕ್ಕೆ ಕಟ್ಟಿಕೊಂಡು ರಾತ್ರಿ ಹಂದಿಯನ್ನು ಹುಡುಕಿಕೊಂಡು ಹೊರಡುವುದು ಯಾವುದು? ಹೊಲದ ಬದು ದಾಟಿ ಗಾಡಿ ಹಳ್ಳಕ್ಕೆ ಇಳಿದ ಮೇಲೆ ಅದನ್ನು ತಡೆಯುವುದೆಂದು ಕರೆಯಲು ಬರುವುದಿಲ್ಲ.

ಆದರೂ ಸಂಕಲ್ಪ ಓಡಿಸುವವನದು, ಬೆಸೆಯುವವನದಲ್ಲ ಎಂಬ ಮಾತು ಉಳಿಯಿತು. ಅದನ್ನು ಬಿಡಿಸಿದ್ದು ಇನ್ನೊಂದು ಹಳೆಯ ಗಾಡಿ. ಮಿಲಿಂದ ದೊರೆಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ನಾಗಸೇನ ಕೇಳುತ್ತಾನೆ, ನೀನು ಬಂದ ರಥ ಯಾವುದು? ಅಚ್ಚು ರಥವೆ? ಗಾಲಿಯೆ? ನೊಗವೆ? ಯಾವುದೂ ಅಲ್ಲವೆಂದು ದೊರೆ ಒಪ್ಪುತ್ತಾನೆ. ಎಲ್ಲ ಕೂಡಿದಾಗ ನಾವು ರಥವೆನ್ನುತ್ತೇವೆ, ಮನುಷ್ಯನೂ ಹಾಗೆಯೇ, ಒಳಗೆ ಬೇರೊಬ್ಬ ಕೂತಿಲ್ಲ ಎಂದು ತೋರಿಸಲು ಅವನು ಆ ಮಾತೆತ್ತಿದ್ದು. ನನ್ನ ಶೆಡ್ಡಿನಲ್ಲಿ ಬಿಚ್ಚಿ ಹರಡಿದ್ದ ಗಾಡಿಯನ್ನು ನೆನೆಯುತ್ತ ನಾನು ಅದೇ ಕೇಳಿಕೊಂಡೆ. ಮೋಟಾರಿನಲ್ಲಿ ಗಾಲ್ಫ್ ಇತ್ತೆ? ಇಲ್ಲ. ಆಕ್ಸಲ್ಲಿನಲ್ಲಿ ಒಕ್ಕಲುತನ ಇದೆಯೆ? ಇಲ್ಲ. ರಾಡಿನಲ್ಲಿ ಬೇಟೆ ಇದೆಯೆ? ಅದೂ ಇಲ್ಲ. ಬಿಡಿಬಿಡಿಯಾಗಿ ಎಲ್ಲವೂ ನಿರಪರಾಧಿ. ಕೂಡಿಸಿದಾಗಷ್ಟೇ ಅದು ಗಾಲ್ಫಿನ ಗಾಡಿ, ಹೊಲದ ಗಾಡಿ, ಬೇಟೆಯ ಗಾಡಿ ಆಗುತ್ತದೆ. ಹಾಗಾದರೆ ಕೂಡಿಸುವವನು ಯಾರು? ಈ ಮೂರರಲ್ಲಿ ಒಂದನ್ನು ಆ ಕಬ್ಬಿಣದೊಳಕ್ಕೆ ತಂದವನು ಯಾರು? ಸಂಕಲ್ಪ ಬಂದೂಕಿನ ಕುದುರೆ ಎಳೆಯುವ ಬೆರಳಿನಲ್ಲಿ ಒಮ್ಮೆಗೇ ಹುಟ್ಟುವುದಿಲ್ಲ. ರಾಡು ಬಾಗಿಸುವ ಕೈಯಲ್ಲಿ ಅದು ಅರ್ಧ ಆಗಿರುತ್ತದೆ.

ಅಪ್ಪ ಕೊಡಲಿ ಮಾಡಿಕೊಡುತ್ತಿದ್ದ, ಯಾಕೆ ಬೇಕೆಂದು ಯಾರನ್ನೂ ಕೇಳಿದವನಲ್ಲ. ಕೊಡಲಿಯಿಂದ ಸೌದೆ ಒಡೆಯಬಹುದು, ತಲೆಯನ್ನೂ ಒಡೆಯಬಹುದು. ಪ್ರತಿ ಗಿರಾಕಿಯ ಮನಸ್ಸನ್ನೂ ಅಳೆಯಲು ಹೋದರೆ ಕುಲುಮೆ ನಡೆಯುವುದಿಲ್ಲ, ಅದು ಕಮ್ಮಾರನ ಕೆಲಸವೂ ಅಲ್ಲ. ಅಪ್ಪ ಮಾಡಿದ್ದು ಸರಿ ಎಂದೇ ಈಗಲೂ ನನ್ನ ನಂಬಿಕೆ. ಕೊಡಲಿಯಲ್ಲಿ ಸೌದೆಯ ದಾರಿ ಹಗಲಿನಷ್ಟು ತೆರೆದಿರುತ್ತದೆ, ಕೊಲೆಗಾರ ಅದನ್ನು ದಾರಿ ತಪ್ಪಿಸಬೇಕು. ಬಂದೂಕಿನ ಕೊಕ್ಕೆಯಲ್ಲಿ ಬೇರೆ ದಾರಿಯೇ ಇಲ್ಲ. ಅದರಲ್ಲಿ ಸಲಿಕೆ ನಿಲ್ಲುವುದಿಲ್ಲ, ಕೊಡೆ ನಿಲ್ಲುವುದಿಲ್ಲ. ಹತ್ತು ಕೆಲಸಕ್ಕೆ ಬರುವ ವಸ್ತು ಮಾಡಿಕೊಟ್ಟವನಿಗೂ ಒಂದೇ ಕೆಲಸಕ್ಕೆ ಬರುವ ವಸ್ತು ಮಾಡಿಕೊಟ್ಟವನಿಗೂ ಪಾಲು ಒಂದೇ ಆಗಲಾರದು. ಮೊದಲನೆಯವನಿಗೆ ಮುಂದೇನಾಗುತ್ತದೆಂದು ಗೊತ್ತಿಲ್ಲ. ಎರಡನೆಯವನಿಗೆ ಗೊತ್ತಿದೆ.

ಇಷ್ಟಾದ ಮೇಲೂ ನನ್ನನ್ನು ಹೆಚ್ಚು ಕಾಡಿದ್ದು ಗಾಡಿಯ ಮೌನ. ಬ್ಯಾಟರಿ ಗಾಡಿ ಪೆಡಲ್ ಒತ್ತಿದಾಗ ಟಕ್ಕೆನ್ನುತ್ತದೆ, ಆಮೇಲೆ ಟೈರಿನಡಿ ಕಲ್ಲು ಸರಿಯುವ ಸದ್ದಷ್ಟೇ. ಬೆಂಗಳೂರಿನ ಹುಡುಗ ಅದನ್ನೇ ಹೊಗಳಿದ್ದ. "ಟ್ರ್ಯಾಕ್ಟರ್ ಆದ್ರ ಹಂದಿ ಮೈಲಿ ದೂರದಿಂದನ ಓಡ್ತಾವ. ಇದು ಹತ್ರ ಬಂದ್ರೂ ಗೊತ್ತಾಗಂಗಿಲ್ಲ" ಅಂದಿದ್ದ. ಆ ಮಾತು ಕೇಳಿ ನನಗೆ ಮಂಚಿಕೆಯ ಮೇಲೆ ಕೂತು ಜೋಳ ಕಾಯುತ್ತಿದ್ದ ಅಜ್ಜ ನೆನಪಾದ. ಕವಣೆ ಬೀಸುತ್ತಿದ್ದ, ಡಬ್ಬ ಬಡಿಯುತ್ತಿದ್ದ, ಇಡೀ ರಾತ್ರಿ ಕೂಗುತ್ತಿದ್ದ. ಪಕ್ಕದ ಹೊಲದ ಮಂಚಿಕೆಯವನು ತಿರುಗಿ ಕೂಗುತ್ತಿದ್ದ. ಕಾಯುವವನು ತಾನಿದ್ದೇನೆಂದು ಸಾರುತ್ತಾನೆ. ಇದು ನನ್ನ ಹೊಲ, ನಾನು ಎಚ್ಚರವಿದ್ದೇನೆ, ನೀನು ಹೋಗಿ ಬದುಕಿಕೊ ಎಂಬುದು ಆ ಕೂಗಿನ ಅರ್ಥ. ಬೇಟೆಯಾಡುವವನು ತಾನಿಲ್ಲವೆಂದು ತೋರಿಸಿಕೊಳ್ಳಬೇಕು. ಪ್ರಾಣಿಗೆ ಓಡುವ ದಾರಿ ಕೊಡುವುದು ಒಬ್ಬನ ಗೆಲುವು, ಆ ದಾರಿ ಸಿಗದಂತೆ ಮಾಡುವುದು ಇನ್ನೊಬ್ಬನದು. ಬೆಳೆ ಉಳಿಸಬೇಕೆಂದು ಹೊರಟವನಿಗೆ ಸದ್ದಿನಿಂದ ನಷ್ಟವಿಲ್ಲ. ಸದ್ದಾದರೆ ಕೆಲಸ ಕೆಡುತ್ತದೆ ಅನ್ನುವವನು ಬೆಳೆಗಾಗಿ ಹೊರಟಿಲ್ಲ.

ಮೌನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೈಲಾರದ ಡೆಂಗನ ಮರಡಿಯಲ್ಲಿ ಕಾರಣಿಕ ನುಡಿಯಲು ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದು ಕೂಗಿದಾಗ ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಆ ಜನರ ನಡುವೆ ನಿಂತವರಿಗೆ ಗೊತ್ತು ಆ ಮೌನದ ಭಾರ. ಅದು ಕೇಳುವುದಕ್ಕಾಗಿ ಎಲ್ಲರೂ ಕೂಡಿ ಹಿಡಿದ ಮೌನ. ಚಿತ್ರದುರ್ಗದ ಕಡೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲವನ್ನು ಜೀವಂತ ಹಿಡಿದು, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುತ್ತಾರೆ. ಬೇಟೆಯ ಓಟ, ಬಲೆ, ಹುರುಪು ಎಲ್ಲ ಅದರಲ್ಲೂ ಇದೆ, ಕೊನೆಗೆ ಮಾತ್ರ ಕೈ ತೆರೆದುಕೊಳ್ಳುತ್ತದೆ. ನಮ್ಮ ಹಿರಿಯರು ಬೇಟೆಯನ್ನು ಬಿಟ್ಟುಬಿಡದೆ ಅದರೊಳಗೇ ಇನ್ನೊಂದು ಬಾಗಿಲು ಕೊರೆದಿದ್ದರು. ಕಸುಬಿನವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಗಿರಾಕಿಗೆ ಒಲ್ಲೆ ಎಂದು ಗಾಡಿ ಹಿಂದೆ ಕಳಿಸಿದರೆ ಅವರು ಬೇರೆ ಶೆಡ್ಡಿಗೆ ಹೋಗುತ್ತಿದ್ದರು. ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ಮಾಡಿ ತೋರಿಸುವುದು ನನ್ನಿಂದಾಗುವ ಕೆಲಸ.

ಲೈಟು ಹಾಕಿದೆ, ಆದರೆ ಒಂದೇ ಕಡೆ ಚುಚ್ಚುವ ಸರ್ಚ್‌ಲೈಟ್ ಅಲ್ಲ, ಸುತ್ತಲೂ ಹರಡುವ ಎಲ್‌ಇಡಿ. ಹಿಂದಿನ ತಟ್ಟೆಗೆ ಮೊಣಕಾಲೆತ್ತರದ ಅಂಚು ಕೊಟ್ಟೆ. ಗೊಬ್ಬರದ ಚೀಲ ಬೀಳುವುದಿಲ್ಲ, ನಿಂತವನಿಗೆ ಮೈ ಆನಿಸಿ ಗುರಿ ಹಿಡಿಯಲು ಆಸರೆಯಿಲ್ಲ. ಹಿಂದಿನ ಆಕ್ಸಲ್ಲಿಗೆ ಚಿಕ್ಕ ಹಲ್ಲುಗಾಲಿ ಕೂರಿಸಿ, ಅದು ತಿರುಗಿದಂತೆ ಎರಡು ಸುತ್ತಿಗೆ ಎದ್ದು ಬಿದ್ದು ಎಣ್ಣೆ ಡಬ್ಬದ ತಳ ಬಡಿಯುವಂತೆ ಮಾಡಿದೆ. ಒಂದು ಸನ್ನೆಕೋಲು ಎಳೆದರೆ ಸುತ್ತಿಗೆ ಮೇಲೆದ್ದು ಹಗಲಿಗೆ ಸುಮ್ಮನಿರುತ್ತದೆ, ಬಿಟ್ಟರೆ ಗಾಡಿ ಹೋದಲ್ಲೆಲ್ಲ ಡಬ್ಬ ಹೊಡೆಯುತ್ತದೆ. ಗೌಡರು ಅದನ್ನು ಓಡಿಸಿ ನೋಡಿ ಮೊದಲು ಸಿಟ್ಟಾದರು. "ಊರ ಮಂದೀನೆಲ್ಲ ಎಬ್ಬಿಸ್ತಿಯಲ್ಲೋ" ಅಂದರು. "ಕಾಯೋರು ಎಬ್ಬಿಸಬೇಕಲ್ರೀ ಗೌಡ್ರ" ಅಂದೆ. ಕೊಕ್ಕೆ ಎಲ್ಲಿ ಅಂತ ಕೇಳಿದರು. ಕೊಕ್ಕೆ ನಾನು ಮಾಡುವುದಿಲ್ಲ, ಅದರ ದುಡ್ಡು ಲೆಕ್ಕದಲ್ಲಿ ಹಿಡಿದಿಲ್ಲ ಅಂದೆ. ಯಾಕೆ ಎಂದದ್ದಕ್ಕೆ ಇಲ್ಲಿ ಬರೆದದ್ದನ್ನೆಲ್ಲ ಶೆಡ್ಡಿನ ಕಟ್ಟೆಯ ಮೇಲೆ ಕೂತು ಹೇಳಿದೆ. ಅವರು ಒಪ್ಪಲಿಲ್ಲ. ಹೊಲವಿದ್ದಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ ಅಂದರು. ಇರಬಹುದು. ಆದರೂ ಗಾಡಿಯನ್ನು ಹಾಗೆಯೇ ಒಯ್ದರು.

ಮಹಾನವಮಿಗೆ ಪೂಜೆ ಮಾಡಿಸಲು ಅದನ್ನು ನನ್ನ ಶೆಡ್ಡಿಗೇ ತಂದರು. ಡ್ರಿಲ್ಲು, ಗ್ರೈಂಡರು, ಅಪ್ಪನ ಅಡಿಗಲ್ಲು, ಸುತ್ತಿಗೆ ಎಲ್ಲಕ್ಕೂ ವಿಭೂತಿ-ಕುಂಕುಮವಿಟ್ಟು, ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಟ್ಟು ಕುಂಬಳಕಾಯಿ ಒಡೆದೆವು. ಆಯುಧಪೂಜೆಯ ದಿನ ಜನ ಪಾಂಡವರ ಯುದ್ಧ ನೆನೆಯುತ್ತಾರೆ. ನಾನು ನೆನೆಯುವುದು ಅದಕ್ಕೂ ಹಿಂದಿನ ಒಂದು ವರ್ಷ. ವಿರಾಟನ ಊರಿಗೆ ಹೋಗುವ ಮುನ್ನ ಅವರು ಗಾಂಡೀವವನ್ನೂ ಉಳಿದ ಆಯುಧಗಳನ್ನೂ ಬನ್ನಿ ಮರದ ಮೇಲೆ ಕಟ್ಟಿಟ್ಟರು, ಯಾರೂ ಹತ್ತಿರ ಬರಬಾರದೆಂದು ಹೆಣವನ್ನೂ ಕಟ್ಟಿದರು. ಒಂದು ವರ್ಷ ಅರ್ಜುನನಂಥ ಬಿಲ್ಲಾಳು ಕುಣಿತ ಕಲಿಸಿ ಬದುಕಿದ. ಆಯುಧವನ್ನು ಕೈಗೆಟುಕದಲ್ಲಿ ಇಟ್ಟು ಬದುಕಲು ಬರುವವನಿಗಷ್ಟೇ ಅದನ್ನು ಪೂಜಿಸುವ ಅರ್ಹತೆ ಎಂದು ಬನ್ನಿ ಮುಡಿಯುವಾಗ ನನಗೆ ಅನಿಸುತ್ತದೆ. ಗಾಡಿಯ ಮುಂಗಂಬದಲ್ಲಿ ಸದಾ ಬಂದೂಕು ತೂಗುವಂತೆ ಮಾಡಿಕೊಟ್ಟರೆ ಅದು ಬನ್ನಿ ಮರಕ್ಕೆ ತೀರ ವಿರುದ್ಧವಾದ ಏರ್ಪಾಡು.

ಡಬ್ಬದ ಸದ್ದಿಗೆ ಹಂದಿಗಳು ಹೆದರಿದವು, ಆದರೆ ಅವು ಜಾಣ ಪ್ರಾಣಿಗಳು. ಒಂದೇ ಸದ್ದು ಒಂದೇ ಹೊತ್ತಿಗೆ ಬಂದರೆ ಕೆಲವೇ ದಿನದಲ್ಲಿ ಪಳಗಿಬಿಡುತ್ತವೆ. ಗೌಡರು ಬೇರೆ ಬೇರೆ ಹೊತ್ತಿಗೆ ಹೊರಡುತ್ತಾರೆ, ಒಮ್ಮೆ ಡಬ್ಬ, ಒಮ್ಮೆ ಹಾರ್ನು, ಒಮ್ಮೆ ಬರೀ ಲೈಟು. ಸುತ್ತಲ ಹೊಲದವರು ಸರದಿಯಲ್ಲಿ ಗಾಡಿ ತಗೊಂಡು ಹೋಗುತ್ತಾರೆ. ನಷ್ಟ ನಿಂತಿಲ್ಲ, ತಗ್ಗಿದೆ.

ಅಪ್ಪಣೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು. ಅಧಿಕಾರಿಗಳು ಬಂದು ಹೊಲ ನೋಡಿ, ಇಂಥ ಹಂದಿಯನ್ನು ಕೊಲ್ಲದೆ ಗತಿಯಿಲ್ಲವೆಂದು ಬರೆದುಕೊಟ್ಟರೆ ನಾನು ಅಡ್ಡ ಬರುವುದಿಲ್ಲ. ಲೈಸನ್ಸಿದ್ದವರು ಬರಲಿ. ಆದರೆ ಬಂದೂಕನ್ನು ಹೆಗಲ ಮೇಲೆ ಹೊತ್ತು, ಎರೆಹೊಲದ ಕೆಸರಿನಲ್ಲಿ ಕಾಲಿಟ್ಟು, ನಡೆದೇ ಬರಲಿ. ಮೂರು ಕೆಜಿ ಮೇಲ್ಪಟ್ಟ ಆ ಭಾರ ಅವರ ಹೆಗಲಿಗೆ ಗೊತ್ತಾಗಬೇಕು. ಗೌಡರು ಇದಕ್ಕೂ ಒಪ್ಪಿಲ್ಲ. ಮೊನ್ನೆ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿಸಲು ಬಂದಾಗ ಮತ್ತೆ ಅದೇ ಮಾತು ತೆಗೆದರು, ನಾನು ಮತ್ತೆ ಅದನ್ನೇ ಹೇಳಿದೆ. ಹೋಗುವಾಗ ಡಬ್ಬದ ತಳ ತೂತಾಗಿದೆ, ದಪ್ಪ ಶೀಟಿನದು ಬೇರೆ ಮಾಡಿಡು ಅಂದರು.